ಸಂಸ್ಥಾಪಕ ಅಧ್ಯಕ್ಷರು

ನಮ್ಮ ಜಕ್ಕೂರಿನ ನಾಗಭೂಷಣ ತಮ್ಮ ತೀರಿಕೊಂಡ ತಾಯಿಯ ಹೆಸರಿನಲ್ಲಿ, ಮಹಿಳೆಯರ ಏಳಿಗೆಗೆಂದು, ಟ್ರಸ್ಟ್ ಮಾಡಲು ಹೊರಟಿದ್ದಾರೆ. ಟ್ರಸ್ಟ್ ಇನ್ನೂ ನೋಂದಣಿಯಾಗಿಲ್ಲ. ‘ಸಂಸ್ಥಾಪಕ ಅಧ್ಯಕ್ಷರು’ ಎಂಬ ವಿಸಿಟಿಂಗ್ ಕಾರ್ಡು ಮಾತ್ರ ಮದುವೆ ಮನೆಯಲ್ಲೂ ಸಾವಿನ ಮನೆಯಲ್ಲೂ ಸಿಕ್ಕವರ ಜೇಬು ಸೇರುತ್ತಿದೆ. ನನ್ನ ಹತ್ತಿರವೇ ಮೂರಿವೆ. “ಸೇವೆ ಕಣ್ರೀ, ಬರೀ ಸೇವೆ” ಎಂದವರೇ ಆಡಿಟರಿಗೆ ಫೋನ್ ಹಚ್ಚಿ, “ಟ್ಯಾಕ್ಸ್ ವಿನಾಯಿತಿ ಯಾವಾಗ ಸಿಗುತ್ತೆ ಸ್ವಾಮಿ?” ಎಂದು ಕೇಳುತ್ತಾರೆ. ಹೆಣ್ಣುಮಕ್ಕಳ ಕಷ್ಟದ ಮಾತು ಬಂದರೆ ಸಾಕು, ಅವರ ಕಣ್ಣು ತುಂಬುತ್ತದೆ; ಫೋಟೋ ತೆಗೆಯುವವರಿದ್ದರೆ ಕರ್ಚೀಫೂ ಹೊರಬರುತ್ತದೆ. ಟ್ರಸ್ಟಿಗಳಲ್ಲಿ ಒಬ್ಬ ಹೆಂಗಸಿದ್ದರೆ ಚೆನ್ನ ಎಂದು ಆಡಿಟರು ಹೇಳಿದ್ದಕ್ಕೆ, ಮೊನ್ನೆ ನನ್ನನ್ನೂ ಕರೆದುಕೊಂಡು ತಮ್ಮ ಅಕ್ಕ ಕಲಾವತಿಯ ಬಾಡಿಗೆ ಮನೆಗೆ ಹೋದರು. ತಟ್ಟೆಯಲ್ಲಿ ಅರಿಶಿನ ಕುಂಕುಮದ ಜೊತೆ ರೇಷ್ಮೆ ಸೀರೆ ಇಟ್ಟು, ಪಕ್ಕದಲ್ಲೇ ಟ್ರಸ್ಟಿನ ಪತ್ರ ಬಿಚ್ಚಿ, “ಇಲ್ಲೊಂದ್ ಸೈನ್ ಹಾಕು ಅಕ್ಕಾ” ಎಂದರು. ಆಕೆ ಪತ್ರದ ಕಡೆ ತಿರುಗಲಿಲ್ಲ, ಸೀರೆಯನ್ನೇ ನೋಡುತ್ತಾ ಕೂತರು. “ಅಪ್ಪ ತೀರ್ಕೊಂಡಾಗ್ಲೂ ಇಂಗೇ ಸೀರೆ ತಂದು ಸೈನ್ ಹಾಕಿಸ್ಕೊಂಡೆ, ನನ್ ಪಾಲಿನ ಜಮೀನು ನಿಂದಾಯ್ತು. ತಗೊಂಡೋಗಕ್ಕೆ ನನ್ ತಾವ ಇನ್ನೇನ್ ಉಳಿದೈತಪ್ಪಾ?”