ಶಾಲು ಬೇಡವೆಂದ ವಿಮರ್ಶಕರು

ಅವರ ಮುಖದಲ್ಲಿ ಏನೂ ಕಾಣುತ್ತಿರಲಿಲ್ಲ. ನನ್ನ ಹೆಂಡತಿ ಕೊಟ್ಟ ಖಾರದ ಮಿರ್ಚಿ ಭಜಿ ತಿನ್ನುವಾಗಲೂ ಕಿವಿಗಳು ಮಾತ್ರ ಕೆಂಪಗಾಗುತ್ತಿದ್ದವು. ಹುಬ್ಬು, ತುಟಿ ಅಲುಗುತ್ತಿರಲಿಲ್ಲ. "ಛಲೋ ಆಗ್ಯಾವೋ ಇಲ್ಲೋ ಒಂದ ಮಾತ ಹೇಳಬಾರದೇನ್ರೀ ಈ ಮನಷ್ಯಾ!" ಎಂದು ಅವಳು ಆಮೇಲೆ ನನ್ನ ಮೇಲೆ ಹರಿಹಾಯುತ್ತಿದ್ದಳು.

ತೊಂಬತ್ತರ ದಶಕದಲ್ಲಿ, ಲಂಡನ್ನಿನ ಕ್ರೋಯ್ಡನ್ನಿನಲ್ಲಿದ್ದ ನಮ್ಮ ಫ್ಲ್ಯಾಟಿನ ಮೇಲಿನ ಮನೆಯಲ್ಲಿ ಅವರು ಒಬ್ಬರೇ ಇದ್ದರು. ದೊಡ್ಡ ಪತ್ರಿಕೆಯೊಂದರ ನಾಟಕ ವಿಮರ್ಶಕರು. ಅವರು ಮೆಚ್ಚಿ ಬರೆದರೆ ಟಿಕೆಟ್ ಸಿಗುತ್ತಿರಲಿಲ್ಲ. ಮೆಚ್ಚದಿದ್ದರೆ ನಾಟಕ ಬೇಗನೆ ಎತ್ತಂಗಡಿ. ಹಾಗಾಗಿ ರಂಗಮಂದಿರದಲ್ಲಿ ಎಲ್ಲರ ಕಣ್ಣೂ ಅವರ ಮುಖದ ಮೇಲೆ. ಅದನ್ನು ಕಲ್ಲು ಮಾಡಿಕೊಳ್ಳುವುದು ಅವರಿಗೆ ರೂಢಿಯಾಗಿತ್ತು. ನಟರ ಜೊತೆ ಕೂತು ಒಂದು ಕಪ್ ಚಹಾ ಕುಡಿದವರಲ್ಲ. ಕಾಲೇಜಿನ ಗೆಳೆಯನೊಬ್ಬನ ಅಭಿನಯ ಸಪ್ಪೆ ಎಂದು ಬರೆದ ಮೇಲೆ ಅವನು ಮತ್ತೆ ಫೋನ್ ಮಾಡಲೇ ಇಲ್ಲವಂತೆ. ಅದನ್ನೂ ಅದೇ ಮುಖದಲ್ಲೇ ಹೇಳಿದ್ದರು. ಅವರು ಊಟಕ್ಕೆ ಹೋಗುತ್ತಿದ್ದ ಮನೆ ನಮ್ಮದೊಂದೇ, ಭಾನುವಾರ ಮಧ್ಯಾಹ್ನ.

ಒಮ್ಮೆ ಅಲ್ಲಿನ ಕನ್ನಡ ಸಂಘದಿಂದ ಶಾಲೆಯೊಂದರ ಹಾಲಿನಲ್ಲಿ ನಾಟಕವಾಡಿದೆವು. ನಾನೇ ನಾಯಕ. ಮುಖ್ಯ ಅತಿಥಿಯಾಗಿ ಅವರನ್ನು ಕರೆದುಕೊಂಡು ಹೋದೆ. ನಮ್ಮಲ್ಲಿ ಸನ್ಮಾನ ಮೊದಲು, ನಾಟಕ ಆಮೇಲೆ. ಸಂಘದ ಅಧ್ಯಕ್ಷರು ಶಾಲು ಬಿಡಿಸಿದರೆ ಇವರು ಕೈ ಹಿಂದಕ್ಕೆ ಕಟ್ಟಿ ನಿಂತುಬಿಟ್ಟರು. "ನಾಟಕ ನೋಡಿದ ಮೇಲೆ ಕೊಡಿ. ಆಗಲೂ ಕೊಡಬೇಕೆನಿಸಿದರೆ."

ನಾಟಕ ಮುಗಿದ ಮೇಲೆ ಅಧ್ಯಕ್ಷರು ಎರಡು ಮಾತಾಡಿ ಎಂದರು. ಆಡಿದರು. "ನನಗೆ ನಿಮ್ಮ ಭಾಷೆ ಬಾರದು. ಆದರೆ ಇಲ್ಲಿ ಒಬ್ಬರ ಮಾತನ್ನು ಇನ್ನೊಬ್ಬರು ಕೇಳಲಿಲ್ಲ. ನಾಯಕ ತನ್ನ ಸರದಿಗೆ ಕಾಯುತ್ತಿದ್ದ, ಅಷ್ಟೇ."

ಶಾಲು ಚೀಲದೊಳಕ್ಕೆ ಹೋಯಿತು. "ಎಲ್ಲಿಂದ ಹಿಡ್ಕೊಂಡ್ ಬಂದ್ರಿ ಸಾರ್ ಇವ್ರನ್ನ?" ಎಂದರು ಅಧ್ಯಕ್ಷರು. ನನಗೂ ಮೈಯೆಲ್ಲ ಉರಿಯುತ್ತಿತ್ತು.

ಮನೆಯ ಮೆಟ್ಟಿಲು ಹತ್ತುತ್ತ ಅವರು ನಮ್ಮಿಬ್ಬರನ್ನೂ ಕೇಳಿದರು: "ಇನ್ನು ಭಾನುವಾರ ನಾನು ಬರುವುದು ಬೇಡ, ಅಲ್ಲವೇ?"

ಹೆಂಡತಿಯೇ ಅಂದಳು: "ನೋ ನೋ, ಯು ಕಮ್! ಅಟ್ ಹೋಮ್ ಆಲ್ಸೋ ಹೀ ಡಸಂಟ್ ಲಿಸನ್!"

ಅವರು ಬಂದರು. ಕೆಲಸದಿಂದ ನಿವೃತ್ತರಾಗಿ, ಕಾಯಿಲೆ ಬಿದ್ದು, ಮೆಟ್ಟಿಲಿಳಿಯಲಾಗದಂತಾಗುವ ತನಕ ಬಂದರು. ಅವರು ತೀರಿಕೊಂಡಾಗ ಪತ್ರಿಕೆಗಳು ಉದ್ದುದ್ದ ಬರೆದವು. ಅಂತ್ಯಕ್ರಿಯೆಯ ದಿನ, ಮನೆಯವರಿಗೆಂದು ಬಿಟ್ಟ ಮುಂದಿನ ಸಾಲಿನಲ್ಲಿ ಕೂತದ್ದು ನಾವಿಬ್ಬರೇ.

ನಾನು ಈಗಲೂ ನಾಟಕ ಆಡುತ್ತೇನೆ. ಎದುರಿನವರ ಮಾತು ಕೇಳಲು ನೋಡುತ್ತೇನೆ. ಮುಗಿದೊಡನೆ ಎಲ್ಲರೂ ಬಂದು "ಸೂಪರ್" ಎಂದು ಕೈ ಕುಲುಕುತ್ತಾರೆ. ನಿಜಕ್ಕೂ ಸುಧಾರಿಸಿದ್ದೇನೆಯೇ ಎಂದು ಕೇಳಬೇಕೆನಿಸುತ್ತದೆ. ಕೇಳಬಹುದಾದವರು ಯಾರೂ ಉಳಿದಿಲ್ಲ.