ಅಕ್ಕನಿಗೆ ತಪ್ಪಿಸಿದ ಪರೀಕ್ಷೆ

ಮೆಟ್ಟಿಲು ಹತ್ತುವಾಗ ಮೂರನೆಯದಕ್ಕೇ ನಿಂತು ಉಸಿರು ಎಳೆದುಕೊಳ್ಳುವ ಆ ಸದ್ದು ಅಕ್ಕನದು. ಅವಳು ಹೋಗಿ ಆರು ವರ್ಷವಾಯಿತು. ಈಗ ಬೆಳ್ತಂಗಡಿಯ ನನ್ನ ಮನೆಯ ಮೆಟ್ಟಿಲಲ್ಲಿ ಅದೇ ಸದ್ದು ನನ್ನ ಎದೆಯಿಂದ ಬರುತ್ತದೆ. ಮೊದಲ ಸಲ ಕೇಳಿದಾಗ ಹಿಂದೆ ಯಾರೋ ಇದ್ದಾರೆಂದು ತಿರುಗಿ ನೋಡಿದ್ದೆ.

ಚಿಕ್ಕಂದಿನಲ್ಲಿ ನಮ್ಮಿಬ್ಬರಿಗೂ ಒಟ್ಟಿಗೇ ಕೀಲುನೋವಿನ ಜ್ವರ ಬಂದಿತ್ತು. ಅದು ಇಬ್ಬರ ಹೃದಯದ ಕವಾಟವನ್ನೂ ಕೆಡಿಸಿತು, ಅವಳದನ್ನು ಮೊದಲು. ಮಂಗಳೂರಿನ ಡಾಕ್ಟರು ಅವಳಿಗೆ ಸ್ಪಷ್ಟವಾಗಿ ಹೇಳಿದ್ದರು: ಎದೆಯ ಮೇಲಿಂದ ಮಾಡುವ ಎಕೋದಲ್ಲಿ ಎಲ್ಲ ಕಾಣುವುದಿಲ್ಲ, ಗಂಟಲಿನ ಮೂಲಕ ಪೈಪ್ ಇಳಿಸಿ, ಒಳಗೆ ರಕ್ತ ಹೆಪ್ಪುಗಟ್ಟಿದೆಯೋ ನೋಡಬೇಕು, ಕವಾಟವನ್ನು ಬಲೂನಿನಿಂದ ಅಗಲಿಸುವುದೋ ಆಪರೇಷನ್ನೋ ಎಂಬುದು ಆಮೇಲೆ. ಅಕ್ಕನಿಗೆ ಮಾತ್ರೆ ನುಂಗುವುದೇ ದೊಡ್ಡ ಕಷ್ಟ. ಮನೆಗೆ ಬಂದವಳೇ ನನ್ನ ಕೈ ಹಿಡಿದು, "ನನ್ನಿಂದ ಆಗ್ಲಿಕ್ಕಿಲ್ಲ ಮಾರಾಯ್ತಿ," ಎಂದು ಅತ್ತಳು. ಭಾವ ಮಾಡಿಸಲೇಬೇಕೆಂದು ಹಟ ಹಿಡಿದರು. ಕೊನೆಗೆ, ಹೂ ಇಟ್ಟು ಕೇಳುವ ಎಂದಾಯಿತು.

ಇಂಥ ಇಕ್ಕಟ್ಟಿಗೆ ನಮ್ಮ ಮನೆಯವರ ದಾರಿ ಅದೇ. ಕೆಂಪು ಕೇಪುಳ ಒಂದು ಎಲೆಯಲ್ಲಿ, ಬಿಳಿ ನಂದಿಬಟ್ಟಲು ಇನ್ನೊಂದರಲ್ಲಿ ಕಟ್ಟಿ ದೇವರ ಮುಂದಿಡುತ್ತೇವೆ. ಅರ್ಚಕರು ಒಂದನ್ನು ಎತ್ತಿಕೊಡುತ್ತಾರೆ. ಉಳಿದದ್ದನ್ನು ಬಿಚ್ಚುವ ಕ್ರಮವಿಲ್ಲ. ಕೆಂಪು ಬಂದರೆ ಪೈಪ್, ಬಿಳಿ ಬಂದರೆ ಸದ್ಯಕ್ಕೆ ಮಾತ್ರೆ ಸಾಕು ಎಂದು ಮಾತಾಯಿತು. ಮೂಡುಬಿದಿರೆಯ ಅಕ್ಕನ ಮನೆಯಂಗಳದಲ್ಲಿ ಹೂ ಕೊಯ್ದು ಪೊಟ್ಟಣ ಕಟ್ಟಿದವಳು ನಾನು. ಎರಡರಲ್ಲೂ ಬಿಳಿಯನ್ನೇ ಕಟ್ಟಿದೆ. ತಾಲೂಕು ಕಚೇರಿಯಲ್ಲಿ ಕೂತು ಜೀವಮಾನವಿಡೀ ಬೇರೆಯವರ ಅರ್ಜಿಯಲ್ಲಿ ತಪ್ಪು ಹುಡುಕಿದ ಹೆಂಗಸು, ದೇವರಿಗೇ ಮೋಸ ಮಾಡಿದೆ. ಅಕ್ಕನ ಅಳು ನಿಂತರೆ ಸಾಕಿತ್ತು ನನಗೆ. ನಿಂತಿತು. ಆ ದಿನ ಅಕ್ಕ ಹೊಟ್ಟೆ ತುಂಬ ಉಂಡಳು. ಎರಡು ತಿಂಗಳೊಳಗೆ ಹೃದಯದಲ್ಲಿದ್ದ ಹೆಪ್ಪು ಮೆದುಳಿಗೆ ಹೋಯಿತು. ಮತ್ತೆ ಮಾತಾಡಲೇ ಇಲ್ಲ, ನಾಲ್ಕನೇ ದಿನ ತೀರಿಕೊಂಡಳು.

ಈ ವರ್ಷ ಅದೇ ಡಾಕ್ಟರು ನನಗೂ ಅದೇ ಮಾತು ಹೇಳಿದರು. ಹೆದರಿಕೆಯಾದರೆ ಹೆಪ್ಪು ಹುಡುಕಲು ಸಿ.ಟಿ. ಮಾಡಬಹುದು, ಆದರೆ ಕವಾಟದ ಸ್ಥಿತಿ ಪೈಪಿನಲ್ಲೇ ಚೆನ್ನಾಗಿ ಕಾಣುವುದು ಎಂದರು. "ಪೈಪೇ ಹಾಕಿ," ಎಂದೆ. ಧೈರ್ಯವಲ್ಲ ಅದು. ಆ ಪೈಪ್ ನನ್ನನ್ನು ನೋಯಿಸಲಿ ಎಂದೇ ಇತ್ತು.

ಜೊತೆಗೆ ಬಂದವಳು ಅಕ್ಕನ ಮಗಳು. ಗಂಟಲಿಗೆ ಮರಗಟ್ಟುವ ಔಷಧಿ ಸಿಂಪಡಿಸಿದರು, ಎಡಮಗ್ಗುಲಿಗೆ ಮಲಗಿಸಿದರು. ಎರಡು ಸಲ ಓಕರಿಕೆ ಬಂತು, ಕಣ್ಣಲ್ಲಿ ನೀರು ಬಂತು, ಮುಗಿಯಿತು. ಹದಿನೈದು ನಿಮಿಷವೂ ಆಗಿರಲಿಲ್ಲ. ಇಷ್ಟಕ್ಕಾ ಎಂದು ನನಗೆ ಬಂದ ಸಿಟ್ಟು ಯಾರ ಮೇಲೆಂದು ಹೇಳುವುದೇ ಬೇಡ. ಹೆಪ್ಪು ಇರಲಿಲ್ಲ, ಬಲೂನು ಹಾಕಬಹುದು ಎಂದರು.

ವಾಪಸು ಬರುವಾಗ ಕಾರು ಓಡಿಸುತ್ತಾ ಅವಳು ಹೇಳಿದಳು, "ಎಷ್ಟು ಬೇಗ ಆಯ್ತಲ್ಲ ಚಿಕ್ಕಮ್ಮ! ಅಮ್ಮನಿಗೆ ಮಾತ್ರ ದೇವರು ಬೇಡ ಅಂದದ್ದು. ಆವತ್ತಿನಿಂದ ನಾನು ಕೈ ಮುಗಿದದ್ದಿಲ್ಲ. ಮಕ್ಕಳನ್ನೂ ದೇವಸ್ಥಾನಕ್ಕೆ ಕಳಿಸುವುದಿಲ್ಲ."

ನಾನು ಗಂಟಲು ಮುಟ್ಟಿ ತೋರಿಸಿದೆ. ಅವಳು ಅರ್ಥವಾಯಿತೆಂದು ನಕ್ಕಳು.

ಬಂಟ್ವಾಳ ದಾಟುವಷ್ಟರಲ್ಲಿ ಮರಗಟ್ಟಿದ್ದು ಪೂರ್ತಿ ಬಿಟ್ಟಿತ್ತು. ಉಗುಳು ನುಂಗಿದರೆ ಸಣ್ಣಗೆ ಉರಿಯುತ್ತಿತ್ತು.

"ಈಗ ಮಾತಾಡ್ಲಿಕ್ಕೆ ಆಗ್ತದಾ ಚಿಕ್ಕಮ್ಮ?" ಎಂದು ಕೇಳಿದಳು.

ಇಲ್ಲ ಎಂದು ತಲೆ ಆಡಿಸಿದೆ.