ಹೂಂ ನಿಂತ ಜಾಗ

ಕಮಲಾಪುರದ ನಮ್ಮ ಮನೆಯಲ್ಲಿ ಒಂದು ಕಟ್ಟಳೆ ಇತ್ತು. ಒಬ್ಬರು ಏನಾದರೂ ಹೇಳತೊಡಗಿದರೆ ಕೇಳುವವರು ಹೂಂಗುಟ್ಟಬೇಕು. ಹೂಂ ನಿಂತರೆ ಮಾತೂ ನಿಲ್ಲುತ್ತಿತ್ತು, ಮರುದಿನ ನಿಂತಲ್ಲಿಂದಲೇ ಶುರುವಾಗುತ್ತಿತ್ತು. ಚಿಕ್ಕಂದಿನಲ್ಲಿ ನಾನೂ ಅಣ್ಣನೂ ಕಥೆಯ ನಡುವೆ ನಿದ್ದೆ ಹೋದರೆ ರಾಜಕುಮಾರ ಬೆಳಗಿನ ತನಕ ಕಾಡಿನಲ್ಲೇ ನಿಂತಿರುತ್ತಿದ್ದ. ನಿಮ್ಮಿಂದಾಗಿ ಪಾಪ ಅವನಿಗೆ ಊಟವೂ ಇಲ್ಲ ಎಂದು ಅವ್ವ ನಮ್ಮನ್ನು ಕಾಡಿಸುತ್ತಿದ್ದಳು.

ದೊಡ್ಡವರಿಗೂ ಅದೇ ಕಟ್ಟಳೆ. ಅಪ್ಪ ಬಸ್ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದವನು ಖಾಕಿ ಅಂಗಿ ಬಿಚ್ಚುವ ಮೊದಲೇ ಅಡುಗೆಮನೆಯ ಹೊಸ್ತಿಲ ಮೇಲೆ ಕೂತು "ಕೇಳ್ದೇನ" ಎನ್ನುತ್ತಿದ್ದ. ಅವ್ವನ ಹೆಸರು ಹಿಡಿದು ಅವನು ಕರೆದದ್ದನ್ನು ನಾನು ಕೇಳಿಲ್ಲ. ಅವಳು ಅವನಿಗೆ ಕೇಳ್ದೇನ, ಅಷ್ಟೆ. ಬೇರೆ ಯಾರನ್ನೂ ಅವನು ಹಾಗೆ ಕರೆಯುತ್ತಿರಲಿಲ್ಲ. ಅವ್ವ ರೊಟ್ಟಿ ಬಡಿಯುತ್ತ, ಎರಡು ಬಡಿತಗಳ ನಡುವೆ ಹೂಂ ಎನ್ನುವಳು. ನಂಬಿದ ಹೂಂ ಗಿಡ್ಡ. ನಂಬದ ಹೂಂ ಮೂಗಿನಿಂದ ಹೊರಟು ಕೊನೆಗೆ ಸ್ವಲ್ಪ ಮೇಲಕ್ಕೆ ಏರುತ್ತಿತ್ತು. ಅದು ಬಂತೆಂದರೆ ಅಪ್ಪ ಸಿಕ್ಕಿಬಿದ್ದ ಹಾಗೆಯೇ. ನಗುತ್ತ ಖರೆ ಸಂಗತಿ ಹೇಳಿಬಿಡುತ್ತಿದ್ದ.

ಅವ್ವ ತೀರಿಕೊಂಡದ್ದು ಕಮಲಾಪುರದಲ್ಲಲ್ಲ, ಕಲಬುರಗಿಯ ಬ್ರಹ್ಮಪುರದಲ್ಲಿರುವ ನನ್ನ ಮನೆಯಲ್ಲಿ. ಆಸ್ಪತ್ರೆಯವರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದಮೇಲೆ ನಡುಮನೆಯ ಕಿಟಕಿಯ ಮೂಲೆಯಲ್ಲಿ ಅವಳಿಗೆ ಮಂಚ ಹಾಕಿದ್ದೆವು. ನನಗೆ ಹೆರಿಗೆಯಾಗಿ ಕೆಲವು ತಿಂಗಳಾಗಿತ್ತು. ಅಪ್ಪ ಮಂಚದ ಪಕ್ಕದ ಕುರ್ಚಿಯಲ್ಲಿ ಕೂತು, ಅವಳಿಗೆ ಎಚ್ಚರವಿದ್ದಾಗಲೆಲ್ಲ ಹಳೆಯ ರೂಟಿನ ಸುದ್ದಿ ಹೇಳುತ್ತಿದ್ದ. ಅವ್ವನ ಮಾತು ಹೋಗಿತ್ತು, ಹೂಂ ಮಾತ್ರ ಉಳಿದಿತ್ತು.

ಅವತ್ತು ಮಧ್ಯಾಹ್ನ ಅಪ್ಪ ನಾವು ಯಾರೂ ಕೇಳದಿದ್ದ ಒಂದು ಸಂಗತಿ ತೆಗೆದ. ನಡೆದು ಎಷ್ಟೋ ವರ್ಷವಾಗಿತ್ತಂತೆ. "ಇದನ್ನ ನಿನಗ ಹೇಳೇ ಇಲ್ಲ, ಕೇಳ್ದೇನ," ಎಂದು ತನ್ನಷ್ಟಕ್ಕೆ ನಗುತ್ತ ಶುರುಮಾಡಿದ. ಕಮಲಾಪುರದ ಸಂತೆಯ ದಿನ. ಒಬ್ಬ ಮುದುಕಿ ಕೆಂಪು ಬಾಳೆಹಣ್ಣಿನ ಬುಟ್ಟಿ ಹಿಡಿದು ಬಸ್ ಹತ್ತಿದಳು. ತಾಜಸುಲ್ತಾನಪುರಕ್ಕೆ ಟಿಕೆಟ್ ತೆಗೆದುಕೊಂಡು, ನಿದ್ದೆ ಹತ್ತಿದರೆ ಎಬ್ಬಿಸಪ್ಪ ಎಂದಳು. ಹೂಂ, ಎಂದಳು ಅವ್ವ. ಬಸ್ಸಿನಲ್ಲಿ ಕಾಲಿಡಲು ಜಾಗವಿಲ್ಲ. ಹೂಂ. ಊರು ಬಂತು, ಅಪ್ಪ ಸೀಟಿ ಊದಿದ, ಹೆಸರು ಕೂಗಿದ, ಮುದುಕಿ ಏಳಲಿಲ್ಲ. ಹೂಂ. ಜನರನ್ನು ಸರಿಸಿಕೊಂಡು ಹೋಗಿ ಅವಳ ಭುಜದ ಮೇಲೆ ಕೈ ಇಟ್ಟ.

ಅಲ್ಲಿ ಹೂಂ ಬರಲಿಲ್ಲ. ಅಪ್ಪ ಕಾದ. ಅವ್ವನಿಗೆ ಜೊಂಪು ಹತ್ತಿರಬೇಕು ಎಂದುಕೊಂಡು ನಾನು ತೊಡೆಯ ಮೇಲಿದ್ದ ಮಗಳನ್ನು ತಟ್ಟುತ್ತಲೇ ಇದ್ದೆ. ಕಾದದ್ದು ಸಾಕಾದ ಮೇಲೆ ಎದ್ದು ಹೋಗಿ ಅವ್ವನ ಭುಜದ ಮೇಲೆ ಕೈ ಇಟ್ಟವಳು ನಾನೇ.

ಆಮೇಲೆ ಅಪ್ಪ ಕಮಲಾಪುರಕ್ಕೆ ಹೋಗಲಿಲ್ಲ. ಅಲ್ಲಿ ಅಣ್ಣ, ಅತ್ತಿಗೆ, ಮನೆ ತುಂಬ ಜನ ಇದ್ದರು. ಮಗಳ ಮನೆಯಲ್ಲಿ ಕೂತಿದ್ದಾನೆ ಎಂದು ಅವರಿವರು ಆಡಿಕೊಂಡರೂ ಅವನು ಕದಲಲಿಲ್ಲ. ನಾನು ಕಚೇರಿಗೆ ಹೋದಾಗ ಮೊಮ್ಮಗಳನ್ನು ನೋಡಿಕೊಳ್ಳಲು ಇದ್ದಾನೆ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ. ಅವನು ಇದ್ದದ್ದು ಆ ಮೂಲೆಗಾಗಿ. ಮಂಚ ತೆಗೆದ ಮೇಲೆ ಅಲ್ಲಿ ಬರೀ ನೆಲದ ಫರಸಿಕಲ್ಲು ಉಳಿಯಿತು. ನನ್ನ ಗಂಡ ಒಮ್ಮೆ ಅಲ್ಲಿ ವಾಷಿಂಗ್ ಮಶೀನ್ ಇಡೋಣವೆಂದಾಗ ಅಪ್ಪ ಕುರ್ಚಿಯನ್ನು ಮೂಲೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡ. ಮಶೀನು ಬಚ್ಚಲಿಗೆ ಹೋಯಿತು.

ದಿನಾ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಪ್ಪ ಆ ಮೂಲೆಗೆ ಮುಖ ಮಾಡಿ ಕೂತು "ಕೇಳ್ದೇನ" ಎನ್ನುತ್ತಿದ್ದ. ಸಂತೆಯ ದಿನ, ಬಾಳೆಹಣ್ಣಿನ ಬುಟ್ಟಿ, ಟಿಕೆಟ್, ಸೀಟಿ. ಒಂದೊಂದು ಮಾತಿಗೂ ನಿಂತು, ಹೂಂ ಬಂದಿತೇನೋ ಎಂಬಂತೆ ತಲೆಯಾಡಿಸಿ ಮುಂದೆ ಹೋಗುತ್ತಿದ್ದ. ಭುಜದ ಮೇಲೆ ಕೈ ಇಟ್ಟಲ್ಲಿಗೆ ಬಂದು ನಿಲ್ಲುತ್ತಿದ್ದ. ಮತ್ತೆ ಕಾಯುತ್ತಿದ್ದ. ಆ ಕಾಯುವುದು ಇದೆಯಲ್ಲ, ಅದನ್ನು ನನ್ನಿಂದ ಸಹಿಸಲಾಗುತ್ತಿರಲಿಲ್ಲ. ಫ್ಯಾನಿನ ಸದ್ದು ಬಿಟ್ಟರೆ ಮನೆಯೇ ಉಸಿರು ಹಿಡಿದಿರುತ್ತಿತ್ತು. ಬಸ್ಸಿನ ಮುದುಕಿ ಸತ್ತಿದ್ದಳೆಂದೇ ನಾನು ತಿಳಿದಿದ್ದೆ. ಇನ್ನೇನು, ಆ ಮೂಲೆಯಿಂದ ಯಾರೋ ಓಗೊಡುತ್ತಾರೆ ಎಂದು ನನ್ನ ಬೆನ್ನು ತಣ್ಣಗಾಗುತ್ತಿತ್ತು. ಓಗೊಡಬಾರದೇ ಎಂದೂ ಅನ್ನಿಸುತ್ತಿತ್ತು.

ಈ ನಡುವೆ ಮಗಳಿಗೆ ಮೂರು ತುಂಬಿತು. ಅವಳ ಬಾಯಲ್ಲಿ ನೀರು, ಬ್ಯಾಡ, ಮುತ್ಯಾ, ಹೀಗೆ ಬೆರಳಲ್ಲಿ ಎಣಿಸುವಷ್ಟು ಮಾತು. ಮುತ್ಯಾ ಎಂದರೆ ನಮ್ಮಪ್ಪ, ಅವಳ ಅಜ್ಜ. ಉಳಿದದ್ದಕ್ಕೆಲ್ಲ ಬೆರಳು ತೋರಿಸುವಳು. ಮಕ್ಕಳ ಡಾಕ್ಟರು ಕಿವಿ, ನಾಲಿಗೆ ಎಲ್ಲ ನೋಡಿ ಏನೂ ತೊಂದರೆಯಿಲ್ಲ ಎಂದರು. ಮನೆಯಲ್ಲಿ ಅವಳ ಜೊತೆ ಮಾತಾಡಿ, ಮಾತಾಡಿದ ಮೇಲೆ ಬಾಯಿ ಮುಚ್ಚಿಕೊಂಡು ಕಾಯಿರಿ, ಅವಳ ಸರದಿ ಅವಳಿಗೆ ಬಿಡಿ ಎಂದರು. ಬಾಯಿ ಮುಚ್ಚಿಕೊಳ್ಳುವುದು ನನಗೆ ಹುಟ್ಟಿನಿಂದ ಬಂದದ್ದಲ್ಲ. ಚಿತ್ರದ ಪುಸ್ತಕ ಹಿಡಿದು ಇದೇನು, ಅದೇನು, ಹಸುವಿನ ಬಣ್ಣ ಯಾವುದು ಎಂದು ಕೇಳುವುದೂ ನಾನೇ, ಅವಳು ತುಟಿ ಬಿಚ್ಚುವ ಮೊದಲೇ ಉತ್ತರ ಹೇಳುವುದೂ ನಾನೇ. ಗಂಡ ಮೊಬೈಲಿನಿಂದ ತಲೆಯೆತ್ತದೆ ಹಸು ಬಿಳಿ ಎನ್ನುವನು. ಪರೀಕ್ಷೆಗೆ ಕೂತವಳ ಹಾಗೆ ಮಗಳು ನನ್ನ ಮುಖ ನೋಡಿ, ಎದ್ದು ಹೋಗುತ್ತಿದ್ದಳು. ಶಾಲೆಯಲ್ಲಿ ಕೇಳಿದರೆ ನಾಲ್ಕು ಮಾತಾಡಲಿ, ಆಮೇಲೆ ಕರೆದುಕೊಂಡು ಬನ್ನಿ ಎಂದರು. ನನಗೆ ಅನ್ನ ಸೇರದಾಯಿತು.

ಪಕ್ಕದ ಮನೆಯ ಭಾಬಿ ಒಳ್ಳೆಯವರು. ಒಂದು ದಿನ ದನಿ ತಗ್ಗಿಸಿ, "ಪೋರಿಗಿ ಆ ಮೂಲ್ಯಾಗ ಕುಂದ್ರಸಬ್ಯಾಡ್ರಿ ಅಕ್ಕಾ," ಎಂದರು. ನಾನು ನಕ್ಕುಬಿಟ್ಟೆ. ನಕ್ಕವಳೇ ಒಳಗೆ ಬಂದು ಮಗಳ ಆಟದ ಸಾಮಾನನ್ನೆಲ್ಲ ಆ ಮೂಲೆಯಿಂದ ಎತ್ತಿ ಅಡುಗೆಮನೆಗೆ ಸಾಗಿಸಿದೆ.

ಒಂದು ಸಂಜೆ ಕಚೇರಿಯಿಂದ ಬಂದು ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದೆ. ಕರೆಂಟು ಹೋಗಿತ್ತು. ಒಳಗೆ ಅಪ್ಪನ ದನಿ. ಜನರನ್ನು ಸರಿಸಿಕೊಂಡು ಹೋದ, ಭುಜದ ಮೇಲೆ ಕೈ ಇಟ್ಟ, ನಿಂತ. ನಾನೂ ಒಂದು ಚಪ್ಪಲಿಯಲ್ಲೇ ನಿಂತೆ. ಆಗ ಮೂಲೆಯಿಂದ, ಕೆಳಗೆ ನೆಲದ ಹತ್ತಿರದಿಂದ, ಗಿಡ್ಡನೆಯ ಹೂಂ ಬಂತು.

ನನ್ನ ಕೈಯಿಂದ ಚೀಲ ಬಿತ್ತು. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಂಡದ್ದು ನನ್ನ ಮಗಳು. ಅವ್ವನ ಮಂಚವಿದ್ದ ಫರಸಿಯ ಮೇಲೆ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಳು. ಅಪ್ಪ ಮುಂದೆ ಹೇಳಲಿಲ್ಲ. ಎದ್ದು, ನನ್ನನ್ನು ದಾಟಿ ಹೊರಗೆ ಹೋದ.

ನಾನು ಸಂತೋಷಪಡಬೇಕಾಗಿತ್ತು. ನನಗೆ ಬಂದದ್ದು ಸಿಟ್ಟು, ಸಿಟ್ಟಿನ ಒಳಗೆ ಹೆದರಿಕೆ. ಸತ್ತವಳ ಜಾಗದಲ್ಲಿ ಕೂತು, ಸತ್ತವಳ ಸರದಿಗೆ ಹೂಂಗುಡುವ ಮಗು ನನಗೆ ಬೇಕಾಗಿರಲಿಲ್ಲ. ಅಪ್ಪ ವಾಪಸು ಬಂದ ಮೇಲೆ ದನಿಯೇರಿಸಿದೆ. "ಹುಡುಗಿ ಮುಂದ ಆ ಮುದುಕಿ ಸುದ್ದಿ ಇನ್ನ ತಗೀಬ್ಯಾಡಪಾ. ಗ್ವಾಡಿ ಸಂಗಟ ಮಾತಾಡೋದು ಕಲ್ತಾಳ, ನಮ್ಮ ಸಂಗಟ ಎಲ್ಲಿ ಕಲೀತಾಳ?"

ಅಪ್ಪ ಆಯ್ತವ್ವಾ ಎಂದ. ಅಂದಿನಿಂದ ಕುರ್ಚಿಯನ್ನು ಬಾಗಿಲ ಕಡೆ ತಿರುಗಿಸಿಕೊಂಡು ಸುಮ್ಮನೆ ಕೂರತೊಡಗಿದ. ನಾನು ಕೇಳಿದ್ದು ಅದನ್ನೇ, ಸಿಕ್ಕಿದ್ದೂ ಅದೇ. ಮಗಳು ಮಾತ್ರ ಸಂಜೆಯಾದರೆ ಆ ಮೂಲೆಗೆ ಹೋಗಿ, ಕಾಲು ಚಾಚಿ ಕೂತು, ಯಾರೂ ಏನೂ ಹೇಳದಿದ್ದರೂ ಹೂಂ ಎನ್ನುತ್ತಿದ್ದಳು. ಸ್ವಲ್ಪ ತಡೆದು ಇನ್ನೊಂದು ಹೂಂ. ಅಪ್ಪ ಬಾಗಿಲ ಕಡೆಗೇ ನೋಡುತ್ತ ಕೂತಿರುತ್ತಿದ್ದ. ಖಾಲಿ ಮನೆಗೆ ಹೂಂಗುಡುವ ಆ ಸಣ್ಣ ದನಿಯನ್ನು ಕೇಳಿ ನಾನು ಒಗ್ಗರಣೆಗೆ ಹಾಕಿದ ಸಾಸಿವೆ ಕರಕಲಾಗುವ ತನಕ ನಿಂತದ್ದುಂಟು. ನನ್ನ ಮಗಳು ಅಲ್ಲಿ ಕೂತು ಕಾಯುತ್ತಿದ್ದಳು, ಅಪ್ಪ ಕಾಯುತ್ತಿದ್ದ ಹಾಗೆಯೇ.

ಆಗ ನನಗೆ ಹೊಳೆಯಿತು. ಇಡೀ ಮನೆಯಲ್ಲಿ ಒಂದು ಮಾತು ಆಡಿ, ಎದುರಿನವರ ಸರದಿ ಬಿಟ್ಟು ಸುಮ್ಮನಿರುತ್ತಿದ್ದವನು ಅಪ್ಪ ಒಬ್ಬನೇ. ಡಾಕ್ಟರು ನನಗೆ ಹೇಳಿದ್ದನ್ನು ಅವನು ಸತ್ತ ಹೆಂಡತಿಗಾಗಿ ಮಾಡುತ್ತಿದ್ದ. ನಾವು ಯಾರೂ ಮಗಳಿಗಾಗಿ ಕಾಯಲಿಲ್ಲ. ಅವ್ವನಿಗಾಗಿ ಕಾದ ಜಾಗ ಖಾಲಿಯಿತ್ತು, ಇವಳು ಹೋಗಿ ಅಲ್ಲಿ ಕೂತಳು. ಇವತ್ತು ಅವಳ ಬಾಯಿ ಮುಚ್ಚಿಸುವುದೇ ನಮಗೊಂದು ಕೆಲಸವಾಗಿದೆ. ಆದರೆ ಆಗ ನನಗಿದ್ದದ್ದು ಒಂದೇ ಚಿಂತೆ, ಕಷ್ಟಪಟ್ಟು ತೆರೆದ ಬಾಯಿಯನ್ನು ಮುಚ್ಚಿಬಿಟ್ಟೆನೇನೋ ಎಂದು.

ಅವ್ವನ ಮೂರನೆಯ ವರ್ಷದ ಕಾರ್ಯಕ್ಕೆ ಕಮಲಾಪುರಕ್ಕೆ ಹೋಗಿದ್ದೆವು. ಎಡೆ ಇಟ್ಟಾಗಲೂ ಅಪ್ಪ ಕೇಳ್ದೇನ ಎನ್ನಲಿಲ್ಲ. ಮರುದಿನ ಬೆಳಿಗ್ಗೆ ನಾನು, ಅಪ್ಪ, ಮಗಳು ಮೂವರೇ ಹೊರಟೆವು. ಸ್ಟ್ಯಾಂಡಿನಲ್ಲಿ ಅಪ್ಪ ಕೆಂಪು ಬಾಳೆಹಣ್ಣು ಕೊಂಡು ಮಗಳ ಕೈಗೆ ಒಂದು ಕೊಟ್ಟ. ಬಸ್ಸಿನಲ್ಲಿ ಅವರಿಬ್ಬರೂ ಮುಂದಿನ ಸೀಟಿನಲ್ಲಿ, ಚೀಲಗಳ ಜೊತೆ ನಾನು ಹಿಂದೆ. ಎಳೆಯ ವಯಸ್ಸಿನ ಕಂಡಕ್ಟರು ಟಿಕೆಟ್ ಕೊಟ್ಟು ಹೋದ. ಬಸ್ಸು ಊರು ಬಿಟ್ಟಿತು. ಅಪ್ಪನ ತೊಡೆಯ ಮೇಲೆ ಕೂತಿದ್ದ ಮಗಳು ತಲೆಯೆತ್ತಿ ಅವನ ಮುಖ ನೋಡಿ, "ಹೂಂ" ಎಂದಳು.

ಅಪ್ಪ ಅವಳನ್ನು ನೋಡಿದ. ಆಮೇಲೆ ತಿರುಗಿ ನನ್ನನ್ನು ನೋಡಿದ. ಅಪ್ಪಣೆ ಕೇಳುವ ಅವನ ಆ ಮುಖ ನನಗೆ ಬೇಡವಾಗಿತ್ತು. ಅದನ್ನು ಹಾಗೆ ಮಾಡಿದವಳು ನಾನೇ.

"ಹೇಳಪಾ," ಎಂದೆ.

ಅಪ್ಪ ಶುರುಮಾಡಿದ. ಸಂತೆಯ ದಿನ. ಹೂಂ. ಬಾಳೆಹಣ್ಣಿನ ಬುಟ್ಟಿ. ಮಗಳು ತನ್ನ ಕೈಯಲ್ಲಿದ್ದ ಹಣ್ಣನ್ನು ನೋಡಿ ಹೂಂ ಎಂದಳು. ನಾನು ಅದೇ ಮಾತುಗಳನ್ನು ಎಷ್ಟು ಸಂಜೆ ಕೇಳಿದ್ದೆನೋ, ಆದರೂ ಕಿಟಕಿಯ ಸರಳು ಹಿಡಿದು ಕೂತೆ. ತಾಜಸುಲ್ತಾನಪುರ ಹತ್ತಿರ ಬಂತು. ಕಂಡಕ್ಟರು ಸೀಟಿ ಊದಿ ಊರಿನ ಹೆಸರು ಕೂಗಿದ. ಒಬ್ಬಿಬ್ಬರು ಎದ್ದರು. ಅಪ್ಪನ ಕಥೆ ಆಗಲೇ ಭುಜದ ಮೇಲೆ ಕೈ ಇಟ್ಟಲ್ಲಿಗೆ ಬಂದು ನಿಂತಿತ್ತು.

"ಹೂಂ," ಎಂದಳು ಮಗಳು. ಅಪ್ಪ ಇಳಿಯುವವರ ಕಡೆ ನೋಡಿದ. ಬಸ್ಸು ನಿಂತಿತು, ಜನ ಇಳಿದರು, ಬಸ್ಸು ಮತ್ತೆ ಹೊರಟಿತು. ಅವಳು ಅವನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು.

"ಮುಂದ?"

ಆ ಮಾತು ಅವಳ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಅಪ್ಪ ಮುಂದುವರಿಸಿದ.

"ಮುಂದ ಏನು... ಮುದುಕಿ ಕಣ್ಣು ತಗದ್ಲು. ಎದ್ಲು. ಬುಟ್ಟ್ಯಾಗಿಂದ ಎರಡು ಹಣ್ಣು ತಗದು ನನ್ನ ಕೈಯಾಗ ಇಟ್ಲು. ಒಂದು ನಿನಗ, ಒಂದು ನಿನ್ನ ಹೆಂಡ್ತಿಗಿ ಅಂದ್ಲು. ಇಳದು ಹ್ವಾದ್ಲು."

"ಹೂಂ."

"ಎರಡೂ ನಾನೇ ತಿಂದೆ."

ಇಷ್ಟೇ. ಎಷ್ಟೋ ವರ್ಷ ಬಚ್ಚಿಟ್ಟುಕೊಂಡು, ಕೊನೆಗಾಲದಲ್ಲಿ ಅವ್ವನನ್ನು ನಗಿಸಲೆಂದು ತೆಗೆದ ಸಂಗತಿ ಇಷ್ಟೇ. ಮುದುಕಿ ಸತ್ತಿರಲಿಲ್ಲ. ನನಗೆ ನಗುವೂ ಅಳುವೂ ಒಟ್ಟಿಗೆ ಒತ್ತರಿಸಿ ಬಂದವು. ಮಗಳು ತನ್ನ ಹಣ್ಣನ್ನೂ ಅವನ ಮುಖವನ್ನೂ ನೋಡಿದಳು. ಅಜ್ಜಿಯನ್ನು ಆಯಿ ಎಂದು ಫೋಟೋ ತೋರಿಸಿ ಹೇಳಿಕೊಟ್ಟಿದ್ದೆವು, ಅವಳು ಅಂದಿದ್ದೇ ಇಲ್ಲ.

"ಆಯಿದು ನೀ ಯಾಕ ತಿಂದಿ?" ಎಂದಳು.

ಅಪ್ಪ ತೊದಲಿದ. ಒಂದೇ ತಿಂದೆ, ಇನ್ನೊಂದು ಎಲ್ಲೋ ಬಿದ್ದುಹೋಯ್ತು ಎಂದೇನೋ ಗೊಣಗಿದ. ಅದನ್ನು ಕೇಳಿ ನನ್ನ ಮೂಗಿನಿಂದ ಒಂದು ಹೂಂ ಹೊರಟಿತು. ನಾನು ಬೇಕೆಂದು ಅಂದದ್ದಲ್ಲ. ಕೊನೆಗೆ ಸ್ವಲ್ಪ ಮೇಲಕ್ಕೆ ಏರಿತು. ಅದು ನನ್ನ ದನಿಯಾಗಿರಲಿಲ್ಲ.

ಮುಂದಿನ ಸೀಟಿನಲ್ಲಿ ಅಪ್ಪನ ಬೆನ್ನು ನೆಟ್ಟಗಾಯಿತು. ತಿರುಗಿ ನೋಡಬಹುದಿತ್ತು. ನೋಡಲಿಲ್ಲ. ಮೊಮ್ಮಗಳನ್ನು ಎದೆಗೆ ಒತ್ತಿಕೊಂಡು, ಕಿಟಕಿಯ ಹೊರಗೆ ಮುಖ ಮಾಡಿ, ಸಿಕ್ಕಿಬಿದ್ದವನ ಹಾಗೆ ಮೆಲ್ಲಗೆ ನಕ್ಕ.

"ಹಸಿವಾಗಿತ್ತು," ಎಂದ, "ಕೇಳ್ದೇನ."